ಮನೆಯ ಫಿಶ್ ಟ್ಯಾಂಕಿಗೆ ಸಂಪ್ ಕೂರಿಸುವುದು: ಕರೆಂಟ್ ಹೋದರೂ ನೆಲ ಒದ್ದೆಯಾಗದ ಹಾಗೆ

ಬೆಂಗಳೂರಿನವರಿಗೆ ಸಂಪ್ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಗೇಟಿನ ಪಕ್ಕ ನೆಲದಡಿ ಒಂದು ತೊಟ್ಟಿ. ಕಾವೇರಿ ನೀರು ಬಂದು ಅದರಲ್ಲಿ ಬೀಳುತ್ತದೆ. ಮೋಟರ್ ಹಾಕಿದರೆ ತಾರಸಿ ಮೇಲಿನ ಟ್ಯಾಂಕ್ ತುಂಬುತ್ತದೆ. ಆಫ್ ಮಾಡಲು ಮರೆತರೆ ಓವರ್‌ಫ್ಲೋ ಪೈಪಿನಿಂದ ನೀರು ಸುರಿಯುತ್ತದೆ, ಎದುರು ಮನೆಯವರು "ನೀರು ಹೋಗ್ತಿದೆ ನೋಡ್ರೀ" ಎಂದು ಕೂಗುತ್ತಾರೆ.

ಫಿಶ್ ಟ್ಯಾಂಕಿನ ಸಂಪ್ ಕೂಡ ಇದೇ ಏರ್ಪಾಡು. ಸ್ಟ್ಯಾಂಡಿನ ಒಳಗೆ ಒಂದು ಚಿಕ್ಕ ಟ್ಯಾಂಕ್, ಮೇಲೆ ಮೀನಿನ ಟ್ಯಾಂಕ್, ನಡುವೆ ಒಂದು ಪಂಪ್. ಆದರೆ ಇಲ್ಲಿ ಓವರ್‌ಫ್ಲೋ ದಿನವಿಡೀ ಆಗುತ್ತಲೇ ಇರಬೇಕು. ಮೇಲಿಂದ ಉಕ್ಕಿದ ನೀರು ಕೆಳಗಿಳಿದು, ಹತ್ತಿಯಲ್ಲಿ ಸೋಸಿಕೊಂಡು, ಮೀಡಿಯಾ (ಒಳ್ಳೆಯ ಬ್ಯಾಕ್ಟೀರಿಯಾ ಕೂರುವ ರಿಂಗ್, ಕಲ್ಲು) ದಾಟಿ, ಮತ್ತೆ ಮೇಲೇರುತ್ತದೆ.

ನನ್ನದು ನಾಲ್ಕಡಿ ಟ್ಯಾಂಕ್. ಗೋಲ್ಡ್‌ಫಿಶ್ ಇವೆ. ತಿನ್ನುವುದು, ಗಲೀಜು ಮಾಡುವುದು, ಎರಡೇ ಅವಕ್ಕೆ ಗೊತ್ತಿರುವುದು. ಮೇಲೆ ತೂಗುಹಾಕುವ ಫಿಲ್ಟರ್ ಸಾಲದೆ ಸಂಪ್ ಮಾಡಿದೆ. ಮೊದಲನೇ ಸಲ ಮಾಡಿದ್ದು ಕೆಟ್ಟಿತು. ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಬೆಳಿಗ್ಗೆ ಎದ್ದರೆ ಹಾಲ್ ನೆಲದ ಮೇಲೆ ಇಪ್ಪತ್ತು ಲೀಟರಿಗೂ ಜಾಸ್ತಿ ನೀರು. ಅಷ್ಟರಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದು ಬೆಲ್ ಒತ್ತುತ್ತಿದ್ದರು. "ಏನಪ್ಪಾ, ಮೇಲೆ ಬಾವಿ ತೋಡಿಸಿದ್ದೀಯಾ?"

ಹಾಗಾಗಿ ಈ ಬರಹದಲ್ಲಿ ಒಂದೊಂದು ಹಂತದಲ್ಲೂ ಎರಡೇ ಪ್ರಶ್ನೆ ಕೇಳುತ್ತೇನೆ. ಕರೆಂಟ್ ಹೋದರೆ ನೀರು ಎಲ್ಲಿಗೆ ಹೋಗುತ್ತದೆ? ಬಂದಾಗ ಎಲ್ಲಿಗೆ ಹೋಗುತ್ತದೆ? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಬರೀ ಪೈಪ್ ಕೆಲಸ.

ಎರಡಡಿಗಿಂತ ಚಿಕ್ಕ ಟ್ಯಾಂಕ್ ಇದ್ದರೆ ಈ ತಲೆನೋವು ಬೇಡ. ಸ್ಪಾಂಜ್ ಫಿಲ್ಟರ್ ಸಾಕು. ಮೂರಡಿ ಮೇಲ್ಪಟ್ಟಿದ್ದರೆ ಮುಂದೆ ಓದಿ.

ಮೊದಲು ಟೇಪ್ ಹಿಡಿಯಿರಿ

ನನ್ನ ಟ್ಯಾಂಕ್ 120 ಸೆಂ.ಮೀ ಉದ್ದ, 45 ಅಗಲ, 45 ಎತ್ತರ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 243 ಲೀಟರ್. ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕ ಇದೆ. ಈ ಟ್ಯಾಂಕಿನಲ್ಲಿ ಒಂದು ಸೆಂ.ಮೀ ನೀರು ಇಳಿದರೆ ಎಷ್ಟು ಲೀಟರ್? 120 ಗುಣಿಸು 45, ಅಂದರೆ 5.4 ಲೀಟರ್. ಈ ಸಂಖ್ಯೆಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲ ಕಡೆ ಬೇಕಾಗುತ್ತದೆ.

ಆಮೇಲೆ ಸ್ಟ್ಯಾಂಡಿನ ಒಳಗಳತೆ. ಉದ್ದ ಅಗಲ ಎಲ್ಲರೂ ಅಳೆಯುತ್ತಾರೆ. ಬಾಗಿಲಿನ ಅಳತೆಯನ್ನು ಮರೆಯುತ್ತಾರೆ. ಸಂಪ್ ಒಳಗೆ ಕೂರುತ್ತದೆ, ಆದರೆ ಬಾಗಿಲಿನಿಂದ ಒಳಗೆ ಹೋಗುವುದಿಲ್ಲ! ಟ್ಯಾಂಕ್ ಖಾಲಿ ಮಾಡದೆ ಸ್ಟ್ಯಾಂಡ್ ಬಿಚ್ಚುವ ಹಾಗಿಲ್ಲ. ಜೊತೆಗೆ ಸಂಪಿನ ಮೇಲೆ ಕನಿಷ್ಠ 20 ಸೆಂ.ಮೀ ಖಾಲಿ ಇರಬೇಕು. ಹತ್ತಿ ಬದಲಿಸಲು ಕೈ ಆಡಬೇಕಲ್ವಾ.

ತೂಕವನ್ನೂ ನೋಡಿಕೊಳ್ಳಿ. ಮೇಲೆ 240 ಲೀಟರ್, ಕೆಳಗೆ 60-70 ಲೀಟರ್, ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ ಹತ್ತಿರ ಹತ್ತಿರ 400 ಕೆ.ಜಿ ಆಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇದ್ದರೆ ಸಂಪಿನ ಕೆಳಗೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಥರ್ಮಕೋಲ್ ಶೀಟ್ ಹಾಕಿ. ಸ್ಟ್ಯಾಂಡನ್ನು ಗೋಡೆಗೆ ಒತ್ತಿ, ತೊಲೆಯ ಹತ್ತಿರ ಇಟ್ಟರೆ ಒಳ್ಳೆಯದು. ಕೋಣೆಯ ನಡುಮಧ್ಯ ಬೇಡ.

ನೀರು ಇಳಿಯುವ ದಾರಿ

ಇಡೀ ಕೆಲಸದಲ್ಲಿ ಜಾಸ್ತಿ ಯೋಚಿಸಬೇಕಾದ ಜಾಗ ಇದು. ಮೊದಲೇ ಇರುವ ಟ್ಯಾಂಕಿನಿಂದ ನೀರು ಕೆಳಗಿಳಿಸಲು ಎರಡು ದಾರಿ ಇವೆ. ಗಾಜಿಗೆ ತೂತು ಕೊರೆಯುವುದು ಒಂದು. ಟ್ಯಾಂಕಿನ ಅಂಚಿನ ಮೇಲಿಂದ ಪಿವಿಸಿ ಪೈಪನ್ನು ಬಗ್ಗಿಸಿ ಹೊರಗೆ ಇಳಿಸುವುದು ಇನ್ನೊಂದು.

ಎರಡನೆಯದು ನೋಡಲು ಸುಲಭ. ಟ್ಯಾಂಕ್ ಖಾಲಿ ಮಾಡಬೇಕಿಲ್ಲ. ಆರು ಎಲ್ಬೋ, ಒಂದೆರಡು ಟೀ, ನಾಲ್ಕಡಿ ಪೈಪ್ ಇದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಪೈಪಿನ ಒಳಗೆ ಸದಾ ನೀರು ನಿಂತಿರುವ ಹಾಗೆ ಜೋಡಿಸಿದರೆ, ಕರೆಂಟ್ ಹೋದಾಗ ಹರಿವು ನಿಲ್ಲುತ್ತದೆ, ಬಂದಾಗ ತಾನಾಗಿ ಶುರುವಾಗುತ್ತದೆ. ಹಾಗೆ ಆಗಬೇಕು.

ಆದರೆ ಅಂಚಿನ ಮೇಲೆ ಹಾಯುವ ಆ ಡೊಂಕಿನ ತುದಿಯಲ್ಲಿ ಗಾಳಿ ಗುಳ್ಳೆಗಳು ನಿಧಾನವಾಗಿ ಸೇರಿಕೊಳ್ಳುತ್ತವೆ. ನೀರು ಜೋರಾಗಿ ಹರಿಯುವಾಗ ಗುಳ್ಳೆಗಳನ್ನು ಎಳೆದುಕೊಂಡು ಹೋಗುತ್ತದೆ. ನಿಂತಾಗ ಅವು ಅಲ್ಲೇ ಕೂರುತ್ತವೆ. ಒಂದು ದಿನ ಕರೆಂಟ್ ಹೋಗಿ ಬಂದಾಗ ಗಾಳಿ ಜಾಸ್ತಿಯಾಗಿ ಹರಿವು ಶುರುವಾಗುವುದೇ ಇಲ್ಲ. ಪಂಪಿಗೆ ಅದು ಗೊತ್ತಾಗುವುದಿಲ್ಲ. ಅದು ಪಾಪ ಕೆಳಗಿನ ನೀರನ್ನೆಲ್ಲ ಮೇಲೆ ತಳ್ಳುತ್ತಲೇ ಇರುತ್ತದೆ. ನನ್ನ ಹಾಲ್ ಒದ್ದೆಯಾದ ಕತೆ ಅದೇ. ಡೊಂಕಿನ ತುದಿಗೆ ಸಣ್ಣ ಏರ್ ಟ್ಯೂಬ್ ಸಿಕ್ಕಿಸಿ, ಟ್ಯಾಂಕಿನೊಳಗೆ ನೀರು ತಳ್ಳುವ ಚಿಕ್ಕ ಪಂಪ್, ಅಂದರೆ ಪವರ್‌ಹೆಡ್ಡಿನ ಗಾಳಿ ಎಳೆಯುವ ಮೂಗಿಗೆ ಜೋಡಿಸಿದರೆ ಗಾಳಿಯನ್ನು ಅದು ಎಳೆದುಹಾಕುತ್ತದೆ. ಆದರೆ ಆ ಪವರ್‌ಹೆಡ್ ಕಟ್ಟಿಕೊಂಡರೆ ಮತ್ತೆ ಅದೇ ಕತೆ.

ಬಾಡಿಗೆ ಮನೆ, ಟ್ಯಾಂಕ್ ಖಾಲಿ ಮಾಡಲು ಆಗುವುದೇ ಇಲ್ಲ ಎಂದರೆ ಪಿವಿಸಿ ದಾರಿ ಹಿಡಿಯಿರಿ, ತಪ್ಪಿಲ್ಲ. ನನ್ನನ್ನು ಕೇಳಿದರೆ ಮಾತ್ರ ತೂತು ಕೊರೆಸಿ. ನಾನೂ ಕೊನೆಗೆ ಅದನ್ನೇ ಮಾಡಿದೆ. ರಾತ್ರಿ ನಿದ್ದೆ ಬರುತ್ತದೆ.

ಗಾಜಿಗೆ ತೂತು

ಕೊರೆಯುವ ಮೊದಲು ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಹೌದೋ ಅಲ್ಲವೋ ತಿಳಿದುಕೊಳ್ಳಿ. ಟಫನ್ಡ್ ಗಾಜಿಗೆ ಡ್ರಿಲ್ ತಾಗಿಸಿದರೆ ಇಡೀ ಹಾಳೆ ಪುಡಿಪುಡಿಯಾಗುತ್ತದೆ. ಶಿವಾಜಿನಗರದ ಕಡೆಯೋ ನಿಮ್ಮ ಏರಿಯಾದಲ್ಲೋ ಅಂಗಡಿಯವರು ಅಂಟಿಸಿ ಕೊಟ್ಟ ಟ್ಯಾಂಕ್ ಸಾಮಾನ್ಯವಾಗಿ ಪ್ಲೈನ್ ಗಾಜಿನದೇ. ಆದರೂ ನೋಡುವುದು ಸುಲಭ. ಗಾಜಿನ ಹಿಂದೆ ಲ್ಯಾಪ್‌ಟಾಪ್ ಇಟ್ಟು ಪರದೆ ಪೂರ್ತಿ ಬಿಳಿ ಮಾಡಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ತಲೆ ವಾಲಿಸುತ್ತಾ ನೋಡಿ. ಕಪ್ಪು ಮಚ್ಚೆ, ಪಟ್ಟೆ ಕಂಡರೆ ಟಫನ್ಡ್. ಎಲ್ಲ ಕಡೆ ಒಂದೇ ಸಮ ಕಂಡರೆ ಪ್ಲೈನ್.

ಮೀನುಗಳನ್ನು ಒಂದು ಹೊಸ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಹಳೆ ಟ್ಯಾಂಕಿನ ನೀರನ್ನೇ ತುಂಬಿ. ಹಳೆ ಫಿಲ್ಟರ್ ಅದರಲ್ಲೇ ಓಡಲಿ, ಏರ್ ಸ್ಟೋನ್ ಇರಲಿ. ಜಲ್ಲಿಯನ್ನು ಬಕೆಟ್ಟಿನಲ್ಲಿ ಅದೇ ನೀರಿನಲ್ಲಿ ಮುಳುಗಿಸಿಡಿ, ಒಣಗಲು ಬಿಡಬೇಡಿ. ಮೂರ್ನಾಲ್ಕು ದಿನ ಹೀಗಿರಬೇಕಾಗುತ್ತದೆ. ಆಗ ತಿಂಡಿ ಕಡಿಮೆ ಹಾಕಿ.

ತೂತಿನ ಜಾಗ ಹಿಂದಿನ ಗಾಜಿನ ಮೇಲ್ಭಾಗ. ಎರಡು ತೂತು ಬೇಕು. ಒಂದರಲ್ಲಿ ನೀರು ಇಳಿಯುತ್ತದೆ. ಇನ್ನೊಂದು ಅದು ಕಟ್ಟಿಕೊಂಡಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಒಂದು ಸಾಕಲ್ವಾ ಎಂದು ಅಂಗಡಿಯವರು ಹೇಳುತ್ತಾರೆ. ಸಾಲದು. ಒಂದು ಬಸವನಹುಳ ಸಾಕು ಪೈಪ್ ಕಟ್ಟಲು.

ತೂತಿಗೆ ಹಾಕುವುದು ಟ್ಯಾಂಕ್ ನಿಪ್ಪಲ್. ತಾರಸಿ ಮೇಲಿನ ಕಪ್ಪು ಟ್ಯಾಂಕಿಗೆ ಪ್ಲಂಬರ್ ಹಾಕುತ್ತಾನಲ್ಲ, ಅದೇ. ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದಿಂಚಿನದು ತೆಗೆದುಕೊಳ್ಳಿ, ಪ್ಲಾಸ್ಟಿಕ್‌ನದೇ ಇರಲಿ. ಹಿತ್ತಾಳೆ ಬೇಡ, ಅದರಲ್ಲಿನ ತಾಮ್ರ ಸೀಗಡಿ, ಬಸವನಹುಳಗಳಿಗೆ ಆಗುವುದಿಲ್ಲ. ಮೊದಲು ನಿಪ್ಪಲ್ ಕೊಂಡು, ಅದರ ಹೊರ ವ್ಯಾಸ ಅಳೆದು, ಆಮೇಲೆ ಡೈಮಂಡ್ ಹೋಲ್ ಸಾ (ಗಾಜಿಗೆ ದುಂಡನೆ ತೂತು ಕೊರೆಯುವ ಬಿಟ್) ಕೊಳ್ಳಿ. ಒಂದಿಂಚಿನ ನಿಪ್ಪಲ್ ಎಂದರೆ ಒಂದಿಂಚಿನ ತೂತು ಅಂದುಕೊಂಡು ನಾನು ಒಂದು ಬಿಟ್ ವೇಸ್ಟ್ ಮಾಡಿದ್ದೇನೆ. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕನಿಷ್ಠ ಒಂದು ತೂತಿನಷ್ಟು ಅಗಲ ಉಳಿಯಬೇಕು. ಎರಡು ತೂತುಗಳ ನಡುವೆಯೂ ಅಷ್ಟೇ.

ಧೈರ್ಯ ಇಲ್ಲದಿದ್ದರೆ ಗಾಜಿನ ಅಂಗಡಿಯವರಿಂದ ಕೊರೆಸಿ, ದಿನಾ ಅದೇ ಕೆಲಸ ಮಾಡುವವರು. ನೀವೇ ಮಾಡುವುದಾದರೆ ಹೀಗೆ. ಟ್ಯಾಂಕನ್ನು ಹಳೆ ಹಾಸಿಗೆಯ ಮೇಲೆ, ಹಿಂದಿನ ಗಾಜು ಮೇಲೆ ಬರುವ ಹಾಗೆ ಮಲಗಿಸಿ. ತೂತಿನ ಜಾಗಕ್ಕೆ ಒಳಗೂ ಹೊರಗೂ ಟೇಪ್ ಅಂಟಿಸಿ. ಸುತ್ತ ಚಪಾತಿ ಹಿಟ್ಟಿನಿಂದ ಸಣ್ಣ ಕಟ್ಟೆ ಕಟ್ಟಿ ನೀರು ತುಂಬಿ. ನೀರಿನ ಜೊತೆ ಕೆಲಸ, ಹಾಗಾಗಿ ಬ್ಯಾಟರಿ ಡ್ರಿಲ್ ಒಳ್ಳೆಯದು. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಬಿಟ್ಟನ್ನು ಸ್ವಲ್ಪ ವಾಲಿಸಿ ಅರ್ಧಚಂದ್ರದ ಗೀರು ಬಂದ ಮೇಲೆ ನೆಟ್ಟಗೆ ಮಾಡಿ. ನಿಧಾನ ಸ್ಪೀಡ್. ಒತ್ತಬೇಡಿ, ಡ್ರಿಲ್ಲಿನ ಭಾರವೇ ಸಾಕು. ನೀರು ಹಾಲಿನಂತೆ ಬೆಳ್ಳಗಾದಾಗ ಬದಲಿಸಿ. ಕೊನೆಯ ಒಂದು ಮಿಲಿಮೀಟರಿನಲ್ಲಿ ಆತುರಪಟ್ಟರೆ ಒಳಗಡೆ ಗಾಜು ಚಕ್ಕೆ ಏಳುತ್ತದೆ.

ನಿಪ್ಪಲ್ಲಿನ ರಬ್ಬರ್ ವಾಷರ್ ಒಂದು ಕಡೆ, ನಟ್ ಇನ್ನೊಂದು ಕಡೆ. ಕೈಯಿಂದ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಅಷ್ಟೇ. ಪೈಪ್ ಪಾನಾ ಹಾಕಿ ತಿರುಗಿಸಿದರೆ ಗಾಜು ಹೋಗುತ್ತದೆ.

ಒಳಗಡೆ, ಮುಖ್ಯ ಪೈಪಿನ ಎಲ್ಬೋ ಕೆಳಮುಖವಾಗಿರಲಿ. ತುರ್ತು ಪೈಪಿನದು ಮೇಲ್ಮುಖ, ಮಾಮೂಲಿ ನೀರಿನ ಮಟ್ಟಕ್ಕಿಂತ ಎರಡು ಸೆಂ.ಮೀ ಮೇಲೆ. ಎರಡನ್ನೂ ಮುಚ್ಚುವ ಹಾಗೆ ಕಪ್ಪು ಅಕ್ರಿಲಿಕ್‌ನ ಒಂದು ಡಬ್ಬಿ. ಅದರ ಮೇಲಂಚಿಗೆ ಬಾಚಣಿಗೆಯ ಹಾಗೆ ಹಲ್ಲು ಮಾಡಿಸಿ. ಮೇಲ್ಪದರದ ಜಿಡ್ಡು ನೀರು ಹಲ್ಲಿನ ಸಂದಿಯಿಂದ ಬೀಳುತ್ತದೆ, ಮೀನು ಬೀಳುವುದಿಲ್ಲ. ಕರೆಂಟ್ ಹೋದಾಗ ಆ ಹಲ್ಲಿನ ಮಟ್ಟಕ್ಕೆ ಬಂದು ನೀರು ನಿಲ್ಲುತ್ತದೆ. ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಹೊರಗೆ ಮುಖ್ಯ ಪೈಪಿಗೆ ಒಂದು ಪಿವಿಸಿ ವಾಲ್ವ್ ಹಾಕಿ. ಅದನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬಂದರೆ ಪೈಪಿನಲ್ಲಿ ಗಾಳಿ ಸೇರದೆ ನೀರು ತುಂಬಿ ಹರಿಯುತ್ತದೆ, ಗೊಳಗೊಳ ಸದ್ದು ನಿಲ್ಲುತ್ತದೆ. ತುರ್ತು ಪೈಪಿಗೆ ಯಾವ ವಾಲ್ವೂ ಬೇಡ. ಮುಖ್ಯ ಪೈಪಿನ ಕೆಳತುದಿ ಸಂಪಿನ ನೀರಿನೊಳಗೆ ಎರಡು ಮೂರು ಸೆಂ.ಮೀ ಮುಳುಗಿರಲಿ. ತುರ್ತು ಪೈಪಿನ ತುದಿ ನೀರಿಗಿಂತ ಮೇಲಿರಲಿ. ಅದರಲ್ಲಿ ನೀರು ಬಿದ್ದರೆ ಸದ್ದು ಕೇಳಬೇಕು, ಅದೇ ನಿಮ್ಮ ಅಲಾರಂ.

ಸಂಪ್ ಕಟ್ಟುವುದು

ನನ್ನ ಸಂಪ್ 75 ಸೆಂ.ಮೀ ಉದ್ದ, 35 ಅಗಲ, 38 ಎತ್ತರ. ತುಂಬಿದರೆ ಸುಮಾರು 100 ಲೀಟರ್, ಆದರೆ ಯಾವತ್ತೂ ತುಂಬಿಸುವುದಿಲ್ಲ. 6 ಎಂ.ಎಂ ಗಾಜು ಸಾಕು. ಹಳೆ ಎರಡೂವರೆ ಅಡಿ ಟ್ಯಾಂಕ್ ಇದ್ದರೆ ಅದಕ್ಕೇ ಅಡ್ಡಗಾಜು ಅಂಟಿಸಿ. ಸಿಲಿಕೋನ್ ಕೊಳ್ಳುವಾಗ ಟ್ಯೂಬಿನ ಮೇಲೆ ಓದಿ. ಬಾತ್‌ರೂಮಿಗೆಂದು ಫಂಗಸ್ ತಡೆಯುವ ಔಷಧಿ ಸೇರಿಸಿದ್ದು ಮೀನಿಗೆ ವಿಷ. ಅಂಟಿಸಿದ ಮೇಲೆ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ನೀರು ಹಾಕಬೇಡಿ. ಕನಿಷ್ಠ ಮೂರು ದಿನ.

ಮೂರು ಖಾನೆ. ಮೊದಲನೆಯದರಲ್ಲಿ ನೀರು ಬೀಳುತ್ತದೆ. ಅಲ್ಲಿ ಪಾಲಿಯೆಸ್ಟರ್ ಹತ್ತಿ, ಅದೇ ದಿಂಬಿಗೆ ತುಂಬುವುದು. ಎರಡನೆಯದು ದೊಡ್ಡ ಖಾನೆ, ಬ್ಯಾಕ್ಟೀರಿಯಾದ ಮನೆ. ಸೆರಾಮಿಕ್ ರಿಂಗ್, ಲಾವಾ ಕಲ್ಲು, ಏನಾದರೂ ಆಗುತ್ತದೆ. ದುಡ್ಡು ಉಳಿಸಬೇಕೆಂದರೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬರ್ ಚೀಲಗಟ್ಟಲೆ ಹಾಕಿ. ಸ್ಟೀಲಿನದು ಬೇಡ, ಸೋಪು ಸೇರಿಸಿದ್ದೂ ಬೇಡ. ಮೀಡಿಯಾವನ್ನು ತರಕಾರಿ ಬುಟ್ಟಿಯಲ್ಲಿಟ್ಟರೆ ಎತ್ತಲು ಸುಲಭ. ಹತ್ತಿ ಮೊದಲು, ಮೀಡಿಯಾ ಆಮೇಲೆ. ತಿರುಗುಮುರುಗು ಆದರೆ ಮೀಡಿಯಾ ತುಂಬ ಹೊಲಸು ಕೂರುತ್ತದೆ.

ಎರಡನೇ ಮತ್ತು ಮೂರನೇ ಖಾನೆಯ ನಡುವೆ ಎರಡೂವರೆ ಸೆಂ.ಮೀ ಅಂತರದಲ್ಲಿ ಮೂರು ಅಡ್ಡಗಾಜು. ಮೊದಲನೆಯದು 28 ಸೆಂ.ಮೀ ಎತ್ತರ, ನೀರು ಅದರ ಮೇಲಿಂದ ದಾಟುತ್ತದೆ. ಎರಡನೆಯದು ತಳದಿಂದ ಮೂರು ಸೆಂ.ಮೀ ಮೇಲೆ, ನೀರು ಅದರಡಿ ನುಸುಳುತ್ತದೆ. ಮೂರನೆಯದು 25 ಸೆಂ.ಮೀ, ಮತ್ತೆ ಮೇಲಿಂದ. ಹೀಗೆ ನೀರು ಏರಿ ಇಳಿಯುವಾಗ ಗಾಳಿ ಗುಳ್ಳೆ ಮೇಲೇರಿ ಒಡೆಯುತ್ತವೆ, ಪಂಪಿನೊಳಗೆ ಹೋಗುವುದಿಲ್ಲ.

ಕೊನೆಯ ಖಾನೆ ಪಂಪಿನದು. ಇದನ್ನು ಬೇಕೆಂದೇ ಚಿಕ್ಕದು ಮಾಡಿ. ನನ್ನದು 20 ಸೆಂ.ಮೀ ಉದ್ದ, ಅದರಲ್ಲಿ 22 ಸೆಂ.ಮೀ ನೀರು. ಲೆಕ್ಕ ಹಾಕಿದರೆ 15 ಲೀಟರ್ ಚಿಲ್ಲರೆ. ಮೇಲಿನ ಟ್ಯಾಂಕಿನಲ್ಲಿ ನೀರಿನ ಮೇಲೆ 4 ಸೆಂ.ಮೀ ಖಾಲಿ ಬಿಟ್ಟಿದ್ದೇನೆ. ಸೆಂ.ಮೀಗೆ 5.4ರಂತೆ 21 ಲೀಟರ್ ಹಿಡಿಯುತ್ತದೆ. ಅಂದರೆ ಎರಡೂ ಪೈಪ್ ಕಟ್ಟಿಕೊಂಡು, ಪಂಪ್ ತನ್ನ ಖಾನೆಯ ನೀರನ್ನೆಲ್ಲ ಮೇಲೆ ಎಸೆದರೂ ಚೆಲ್ಲುವುದಿಲ್ಲ. ಹಳೆ ಸಂಪಿನಲ್ಲಿ ಈ ಖಾನೆ ನಲವತ್ತು ಲೀಟರ್ ಹಿಡಿಯುತ್ತಿತ್ತು. ದೊಡ್ಡದಿದ್ದರೆ ಒಳ್ಳೆಯದು ಅಂದುಕೊಂಡಿದ್ದೆ.

ಈಗ ಮೊದಲ ಪ್ರಶ್ನೆಯ ಇನ್ನರ್ಧ. ಕರೆಂಟ್ ಹೋದಾಗ ಮೇಲಿಂದ ಸುಮಾರು 3 ಸೆಂ.ಮೀ ನೀರು ಇಳಿಯುತ್ತದೆ ಎಂದುಕೊಳ್ಳಿ. 16 ಲೀಟರ್. ಸಂಪಿನ ಖಾನೆಗಳಲ್ಲಿ ಮಾಮೂಲಿ ಮಟ್ಟದ ಮೇಲೆ 28 ಲೀಟರಿನಷ್ಟು ಜಾಗ ಇದೆ. ಸಾಕು.

ಪಂಪ್ ಮತ್ತು ಮೇಲೇರುವ ಪೈಪ್

ಟ್ಯಾಂಕಿನ ನೀರು ಗಂಟೆಗೆ ನಾಲ್ಕೈದು ಸಲ ಸುತ್ತಿದರೆ ಸಾಕು. ನನಗೆ 1200 ಲೀಟರ್ ಬೇಕು. ಹಾಗೆಂದು 1200ರ ಪಂಪ್ ತಂದರೆ ಆಗುವುದಿಲ್ಲ. ಡಬ್ಬಿ ಮೇಲೆ ಬರೆದಿರುವುದು ಎತ್ತರವೇ ಇಲ್ಲದಾಗಿನ ಲೆಕ್ಕ. ನೀರನ್ನು ಸಂಪಿನಿಂದ ಸವಾ ಮೀಟರ್ ಮೇಲೆತ್ತಬೇಕು. ಡಬ್ಬಿಯಲ್ಲಿ ಹೆಡ್, ಅಂದರೆ ಪಂಪ್ ನೀರೆತ್ತಬಲ್ಲ ಗರಿಷ್ಠ ಎತ್ತರ, ಎಷ್ಟು ಮೀಟರ್ ಎಂದು ಇರುತ್ತದೆ. ಎರಡೂವರೆ ಮೀಟರ್ ಹೆಡ್, 2500 ಲೀಟರಿನ ಪಂಪ್ ಆ ಎತ್ತರಕ್ಕೆ ಹೆಚ್ಚೂಕಮ್ಮಿ ಅರ್ಧ ಕೊಡುತ್ತದೆ. ಅದು 40 ವಾಟ್ ಎಳೆದರೆ ತಿಂಗಳಿಗೆ 29 ಯೂನಿಟ್.

ಮೇಲೇರುವ ಪೈಪ್ ಮುಕ್ಕಾಲು ಇಂಚು ಸಾಕು. ಅದರ ಬಾಯಿ ನೀರಿನೊಳಗಿದ್ದರೆ, ಪಂಪ್ ನಿಂತಾಗ ಅದೇ ಪೈಪಿನಿಂದ ನೀರು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಾಯಿ ಹತ್ತು ಸೆಂ.ಮೀ ಆಳದಲ್ಲಿದ್ದರೆ 50 ಲೀಟರಿಗೂ ಜಾಸ್ತಿ! ಹಾಗಾಗಿ ನೀರಿನ ಮಟ್ಟದಿಂದ ಅರ್ಧ ಸೆಂ.ಮೀ ಕೆಳಗೆ ಆ ಪೈಪಿಗೆ 4 ಎಂ.ಎಂ ತೂತು ಹಾಕಿ. ನೀರು ಅಷ್ಟು ಇಳಿದ ಕೂಡಲೇ ಗಾಳಿ ಎಳೆದು ನಿಲ್ಲುತ್ತದೆ. ನೀರನ್ನು ಒಂದೇ ಕಡೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿದರೆ ಆಯ್ತು ಎನ್ನುವವರಿದ್ದಾರೆ. ಒಂದು ಎಳೆ ಪಾಚಿ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಆ ತೂತನ್ನು ಮಾತ್ರ ತಿಂಗಳಿಗೊಮ್ಮೆ ಟೂತ್‌ಪಿಕ್‌ನಿಂದ ಚುಚ್ಚಿ.

ಪ್ಲಗ್ ಬೋರ್ಡನ್ನು ಸ್ಟ್ಯಾಂಡಿನೊಳಗೆ ಮೇಲ್ಗಡೆ ಪಕ್ಕಕ್ಕೆ ಸ್ಕ್ರೂ ಮಾಡಿ, ನೆಲದ ಮೇಲೆ ಬೇಡ. ವೈರ್ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೆ ಬರಲಿ. ನೀರು ವೈರ್ ಹಿಡಿದು ಬಂದರೂ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಮನೆಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೋ ನೋಡಿ, ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಇನ್ವರ್ಟರಿಗೆ ಜೋಡಿಸುವುದಾದರೆ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್‌ನಲ್ಲಿ ಪಂಪ್ ಗುಂಯ್ ಎನ್ನುತ್ತಾ ಬಿಸಿಯಾಗುತ್ತದೆ.

ನೀರು ಬಿಡುವ ದಿನ

ಮೀನಿಲ್ಲದೆ, ಬರೀ ನೀರಿನಲ್ಲಿ ಒಂದು ದಿನ ಓಡಿಸಿ. ಮೇಲಿನ ಟ್ಯಾಂಕ್ ತುಂಬಿ ಹಲ್ಲಿನಿಂದ ನೀರು ಬೀಳುವವರೆಗೆ ಹಾಕಿ, ಆಮೇಲೆ ಸಂಪಿಗೆ ಹಾಕಿ, ಪಂಪ್ ಆನ್ ಮಾಡಿ. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ಹತ್ತು ನಿಮಿಷ ಕಾಯಿರಿ. ಆತುರ ಬೇಡ, ಒಂದು ಕಾಫಿ ಕುಡಿಯಿರಿ.

ಮಟ್ಟ ನಿಂತ ಮೇಲೆ ಸ್ವಿಚ್ ಆಫ್ ಮಾಡಿ. ಸಂಪಿನಲ್ಲಿ ನೀರು ಏರಿ ಎಲ್ಲಿ ನಿಂತಿತೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಆನ್ ಮಾಡಿ, ಓಡುವಾಗಿನ ಮಟ್ಟಕ್ಕೆ ಇನ್ನೊಂದು ಗೆರೆ. ಇದನ್ನು ಮೂರು ಸಲ ಮಾಡಿ. ಆಮೇಲೆ ಪಂಪ್ ಓಡುತ್ತಿರುವಾಗಲೇ ಮುಖ್ಯ ಪೈಪಿನ ಬಾಯಿ ಕೈಯಿಂದ ಮುಚ್ಚಿ. ತುರ್ತು ಪೈಪ್ ಒಂದೇ ಎಲ್ಲ ನೀರನ್ನೂ ಇಳಿಸಬೇಕು. ಕೊನೆಗೆ ಎರಡನ್ನೂ ಮುಚ್ಚಿ. ಪಂಪ್ ಖಾನೆ ಖಾಲಿಯಾಗಿ ಗರಗರ ಅನ್ನಬೇಕು, ಮೇಲಿಂದ ಒಂದು ಹನಿಯೂ ಚೆಲ್ಲಬಾರದು. ಸದ್ದು ಕೇಳಿದ ಕೂಡಲೇ ಕೈ ತೆಗೆಯಿರಿ. ಈ ನಾಲ್ಕೂ ಪಾಸಾದರೆ ಮಾತ್ರ ಮೀನು ಬಿಡಿ.

ಸುರಿದ ನೀರು ಕಾವೇರಿಯದಾದರೆ ಕ್ಲೋರಿನ್ ಇರುತ್ತದೆ, ಆಂಟಿ ಕ್ಲೋರಿನ್ ಹಾಕಿ ಅಥವಾ ಒಂದು ದಿನ ಏರ್ ಸ್ಟೋನ್ ಓಡಿಸಿಟ್ಟು ಬಳಸಿ. ಬೋರ್‌ವೆಲ್ ನೀರು ಗಡಸು. ಬೇಸಿಗೆಯಲ್ಲಿ ದಿನಕ್ಕೆ ಒಂದೆರಡು ಲೀಟರ್ ಆವಿಯಾಗುತ್ತದೆ, ಅದು ಪಂಪ್ ಖಾನೆಯಲ್ಲಿ ಮಾತ್ರ ಇಳಿದು ಕಾಣುತ್ತದೆ. ಆವಿಯಾಗುವುದು ನೀರು, ಉಪ್ಪಿನಂಶ ಅಲ್ಲೇ ಉಳಿಯುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನೇ ಸುರಿದು ಸುರಿದು ನನ್ನ ಟ್ಯಾಂಕಿನ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನಂಶ) ಏರುತ್ತಲೇ ಹೋಯಿತು. ಈಗ ಆವಿಯಾದಷ್ಟು ಮತ್ತೆ ತುಂಬಲು ಕಾವೇರಿ ನೀರು ಹಿಡಿದಿಟ್ಟುಕೊಳ್ಳುತ್ತೇನೆ. ತುಂಬಿಸುವಾಗ ಓಡುವ ಗೆರೆ ದಾಟಬೇಡಿ.

ಹಳೆ ಫಿಲ್ಟರ್ ಕೂಡಲೇ ತೆಗೆಯಬೇಡಿ

ಸಂಪ್ ಓಡಿದ ಮಾತ್ರಕ್ಕೆ ಅದು ಫಿಲ್ಟರ್ ಆಗುವುದಿಲ್ಲ. ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದು ಅಷ್ಟು ಕೆಟ್ಟದ್ದಲ್ಲ. ಈ ಬ್ಯಾಕ್ಟೀರಿಯಾ ಹೊಸ ಮೀಡಿಯಾದಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಹಳೆ ಫಿಲ್ಟರ್ ಮೇಲೆ ಓಡುತ್ತಿರಲಿ. ಅದರ ಸ್ಪಾಂಜನ್ನು ಸಂಪಿನ ನೀರಿನಲ್ಲೇ ಹಿಂಡಿ. ನೋಡಲು ಹೇಸಿಗೆ, ಆದರೆ ಅದು ಹೆಪ್ಪು ಹಾಕಿದ ಹಾಗೆ. ಮೀಡಿಯಾವನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಎಲ್ಲವನ್ನೂ ಕೊಲ್ಲುತ್ತದೆ. ಅಮೋನಿಯಾ ಟೆಸ್ಟ್ ಕಿಟ್ ಒಂದು ಕೊಂಡಿಟ್ಟುಕೊಳ್ಳಿ. ಹಳೆ ಫಿಲ್ಟರ್ ತೆಗೆದ ಮೇಲೂ ಒಂದು ವಾರ ನೋಡುತ್ತಿರಿ.

ಹತ್ತಿ ಮಾತ್ರ ವಾರಕ್ಕೊಮ್ಮೆ ಬದಲಿಸಿ. ಅದು ಕಟ್ಟಿಕೊಂಡರೆ ಮೊದಲ ಖಾನೆಯ ನೀರು ಏರುತ್ತದೆ. ಡಿಸೆಂಬರ್, ಜನವರಿಯಲ್ಲಿ ಏಂಜಲ್, ಡಿಸ್ಕಸ್ ಮೀನು ಸಾಕಿದವರು ಹೀಟರ್ ಹಾಕುತ್ತಾರಲ್ವಾ, ಅದನ್ನು ಮೇಲಿನ ಟ್ಯಾಂಕಿನಿಂದ ತೆಗೆದು ಎರಡನೇ ಖಾನೆಗೆ ಹಾಕಿ, ಪಂಪ್ ಖಾನೆಗೆ ಬೇಡ. ಅಲ್ಲಿ ನೀರು ಇಳಿದು ಹೀಟರ್ ಬಯಲಾದರೆ ಒಡೆಯುತ್ತದೆ. ಮನಿಪ್ಲಾಂಟಿನ ಬೇರನ್ನು ಮೀಡಿಯಾ ಖಾನೆಗೆ ಇಳಿಬಿಟ್ಟು ಬಳ್ಳಿಯನ್ನು ಬೆಳಕಿಗೆ ಹಬ್ಬಿಸಿದರೆ ನೈಟ್ರೇಟ್ ಎಳೆದುಕೊಳ್ಳುತ್ತದೆ. ನಮ್ಮ ಬಳ್ಳಿ ಈಗ ಸ್ಟ್ಯಾಂಡಿನ ಬಾಗಿಲ ಸಂದಿಯಿಂದ ಹೊರಟು ಕಿಟಕಿ ಮುಟ್ಟಿದೆ. ಓನರ್ ಆಂಟಿ ಒಂದು ಕಡ್ಡಿ ಕಿತ್ತುಕೊಂಡು ಹೋಗಿ ಬಾಟಲಿಯಲ್ಲಿಟ್ಟಿದ್ದಾರೆ.